ಗುಲಗಂಜಿ ತೂಕ

"ರೇಸಿನ ರಕ್ತ ಇದರ ನರದಲ್ಲೇ ಇದೆ, ಮೇಡಂ,"
ಅಂದಿದ್ದ ಷೋರೂಮಿನ ಹುಡುಗ.
ಮುಟ್ಟಿ ನೋಡಿದೆ. ಟ್ಯಾಂಕು ತಣ್ಣಗಿತ್ತು,
ರಾತ್ರಿ ಹೊರಗಿಟ್ಟ ತಾಮ್ರದ ತಂಬಿಗೆಯ ಹಾಗೆ.

ಮುನ್ನೂರು ಸಿಸಿ, ಒಂಟಿ ಸಿಲಿಂಡರು.
ಗಾಳಿಗೆ ಗುರಾಣಿಯಿಲ್ಲ, ಮೈಗೆ ಪ್ಲಾಸ್ಟಿಕ್ಕಿನ ಅಂಗಿಯಿಲ್ಲ.
ಎಂಜಿನ್ನಿನ ಪಕ್ಕೆಲುಬು, ಸರಪಳಿ, ಹೊಗೆಕೊಳವೆಯ ಬಾಗು,
ಎಲ್ಲ ಬಯಲಿಗೇ. ಬತ್ತಲೆ ಬೈಕು ಅನ್ನುತ್ತಾರೆ ಇಲ್ಲಿಯವರು
ನಾಚಿಕೆಯಿಲ್ಲದೆ, ಬೆಣ್ಣೆಗೆ ಬೆಣ್ಣೆ ಅಂದಷ್ಟು ಸಲೀಸು.
ನನ್ನ ಬಾಯಿಗೆ ಬಂದದ್ದು ದಿಗಂಬರ.
ನೂರ ನಲವತ್ತೆಂಟು ಕಿಲೋ:
ನಾನೂ ನನ್ನ ಗಂಡನೂ ಕೂಡಿದರೆ ಆಗುವಷ್ಟು.
ಅವನಿಗೆ ಈ ಲೆಕ್ಕ ಹೇಳಿಲ್ಲ.

ಗೋಡೆಯ ಮೇಲೆ ಹಳೆಯ ಪಟಗಳ ಸಾಲು:
ಹೂಮಾಲೆ, ಮಸಿ ಹಿಡಿದ ಮುಖ, ಬೆಳ್ಳಿ ಬಟ್ಟಲೆತ್ತಿದ ಕೈ.
ಪೆಂಡ್ರಿಲ್, ವುಲ್ವರ್‌ಹ್ಯಾಂಪ್ಟನ್.
ಐವತ್ತೊಂದು, ಐವತ್ತೆರಡು, ಐವತ್ತಮೂರು.
ಆಮೇಲೆ ಬೋಳು ಗೋಡೆ, ಬೆಂಕಿ ಆರಿಸುವ ಕೆಂಪು ಸಿಲಿಂಡರು.
ಕಾರ್ಖಾನೆಯಿದ್ದ ಜಾಗದಲ್ಲಿ ಈಗ ಕಾರ್ಪೆಟ್ ಮಾರುತ್ತಾರೆ.
ಹೆಸರನ್ನು ಮಾತ್ರ ಯಾರೋ ಕೊಂಡು
ಹೊಸ ಟ್ಯಾಂಕಿಗೆ ಅಂಟಿಸಿದ್ದಾರೆ.

ಪಕ್ಕದ ಮನೆಯ ಹೊರೇಸ್ ಟಿಮ್ಮಿನ್ಸ್ ಸದ್ದು ಕೇಳಿ
ಮನೆಚಪ್ಪಲಿಯಲ್ಲೇ ಹೊರಬಂದ. ಎಂಬತ್ತೊಂಬತ್ತು.
ಮೊದಲು ಕಿವಿ ಕೊಟ್ಟ, ಆಮೇಲೆ ಕಣ್ಣು.
"ಟ್ಯಾಪೆಟ್ ಸಡಿಲ, ಡಾಕ್ಸಿ," ಅಂದ.
ದಾಕ್ಷಾಯಿಣಿ ಅವನ ನಾಲಿಗೆಗೆ ಹೊರಳುವುದಿಲ್ಲ.

ಹದಿನೈದಕ್ಕೇ ಪೆಂಡ್ರಿಲ್ ಸೇರಿದವನು.
ಕೆಲಸ? ತೂತು ಕೊರೆಯುವುದು.
ರೇಸಿನ ಬೈಕಿನ ಹಲ್ಲುಚಕ್ರಕ್ಕೆ ತೂತು, ಬ್ರೇಕಿನ ಹಿಡಿಗೆ ತೂತು,
ಬೋಲ್ಟಿನ ನಡುಮಧ್ಯೆ ತೂತು,
ಕಾಲೂರುವ ಕಡ್ಡಿಗೂ.
ಫೋರ್‌ಮನ್ ಸಂಜೆ ಚೂರುಗಳನ್ನು ಗುಡಿಸಿ
ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ
ಸೀಮೆಸುಣ್ಣದಲ್ಲಿ ಬರೆಯುವನು: ಇಂದು ಇಷ್ಟು ಹಗುರಾದೆವು.
ನಾನು ಅಕ್ಕಸಾಲಿಯ ಮಗಳು. ಅವನ ಔನ್ಸುಗಳನ್ನು
ಗುಲಗಂಜಿಗೆ ಇಳಿಸಿಕೊಳ್ಳುತ್ತ ಕೇಳಿದೆ.
ನಮ್ಮಪ್ಪ ಅರದ ಪುಡಿಯನ್ನು ನವಿಲುಗರಿಯಲ್ಲಿ ಗುಡಿಸಿ
ಡಬ್ಬಿಗೆ ತುಂಬುತ್ತಿದ್ದ, ಉಳಿದದ್ದೇ ಲಾಭ;
ಇವರಿಗೆ ಕಳೆದದ್ದೇ ಲಾಭ.
ಸವಾರ ಲೆನ್ ಓಕ್ಸ್‌ವೆಲ್ ರೇಸಿನ ಬೆಳಿಗ್ಗೆ
ಉಗುರು ಸಹ ಕತ್ತರಿಸಿಕೊಳ್ಳುತ್ತಿದ್ದನಂತೆ.

ಐವತ್ತನಾಲ್ಕು. ಎರಡನೇ ಸುತ್ತು, ಇಳಿಜಾರು.
ಬ್ರೇಕಿನ ಹಿಡಿ ತೂತಿನ ಬಳಿಯೇ ಮುರಿಯಿತು,
ಒಣ ಚಕ್ಕುಲಿಯ ಹಾಗೆ.
ಕಲ್ಲುಗೋಡೆಯ ಬುಡದಲ್ಲಿ ಲೆನ್.
ಆಸ್ಪತ್ರೆ ಹನ್ನೆರಡು ಮೈಲಿ,
ಅಲ್ಲಿ ಅವನ ಗುಂಪಿನ ರಕ್ತವಿರಲಿಲ್ಲ.
ಇಷ್ಟು ಹೇಳಿ ಹೊರೇಸ್ ಚಹಾಕ್ಕೆ ಸಕ್ಕರೆ ಹಾಕಿದ,
ಕಲಕಿದ, ಮತ್ತೆ ಹಾಕಿದ.
"ಕೊರೆಯುವ ಹುಡುಗರು ನಾಲ್ವರು. ಯಾರ ತೂತು ಅಂತ
ಯಾರೂ ಕೇಳಲಿಲ್ಲ, ಡಾಕ್ಸಿ.
ಕೇಳಬೇಕಿತ್ತು."

ಗುರುವಾರ ರಾತ್ರಿ ನನ್ನ ಪಾಳಿ, ಸಂಬಳವಿಲ್ಲದ್ದು.
ಹೊರಡುವಾಗ ಗೇಟಿನ ಬಳಿ ಅವನು.
"ಹಿಂದೆ ಖಾಲಿ ಪೆಟ್ಟಿಗೆ ಯಾತಕ್ಕೆ?"
"ರಕ್ತಕ್ಕೆ," ಅಂದೆ. "ಆಸ್ಪತ್ರೆಯಿಂದ ಆಸ್ಪತ್ರೆಗೆ.
ಎರಡು ಚೀಲ, ಕೆಲವು ಸಲ ನಾಲ್ಕು. ಕುಲುಕಬಾರದು."
ಪೆಟ್ಟಿಗೆ ಮುಟ್ಟಲಿಲ್ಲ ಅವನು.
ಬ್ರೇಕಿನ ಹಿಡಿಯ ಮೇಲೆ ಹೆಬ್ಬೆರಳಾಡಿಸಿದ,
ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ,
ಕುರುಡರು ಓದುವಷ್ಟು ನಿಧಾನ.
"ಗಟ್ಟಿ," ಅಂದ. ಒಳಗೆ ಹೋದ.

ಡಡ್ಲಿ ರಸ್ತೆಯಲ್ಲಿ ಮೂವತ್ತು ಮೈಲಿಯ ಮಿತಿ.
ಮೂವತ್ತರಲ್ಲೇ ಹೋದೆ.
ಕಾರ್ಪೆಟ್ ಅಂಗಡಿಯ ಗಾಜಿನಲ್ಲಿ
ಬತ್ತಲೆ ಎಂಜಿನ್ನು ಒಂದು ಕ್ಷಣ ಹೊಳೆದು
ಹಿಂದೆ ಸರಿಯಿತು.
ಟ್ಯಾಪೆಟ್ಟಿನ ಟಿಕ್ ಟಿಕ್,
ಇನ್ನೂ ಸಡಿಲ.